ಎಲೆ ಕೊಂಡ ಅಳಿಲಮ್ಮ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಅದರ ದಡದ ಮರದ ಪೊಟರೆಯಲ್ಲಿ ಮಿಣುಕಿ ಎಂಬ ಅಳಿಲಮ್ಮ ಮೂರು ಮರಿಗಳೊಂದಿಗೆ ಇದ್ದಳು. ತುಂಬಾ ಒಳ್ಳೆಯವಳು. ಆದರೆ ನಾಲ್ಕು ಜನ ಓಡಿದ ಕಡೆ ತಾನೂ ಓಡುವವಳು.

ಮಳೆಗಾಲಕ್ಕೆಂದು ಅವಳು ಮೂವತ್ತು ಕಾಡುಬಾದಾಮಿ ಕೂಡಿಟ್ಟಿದ್ದಳು. ಅಷ್ಟರಲ್ಲಿ ಮರಕುಟಿಗ ಕುಟ್ಟಪ್ಪ ಕಾಯಿ ಒಡೆಯುವ ಯಂತ್ರ ಕಟ್ಟಲು ಹೊರಟ.

"ಒಂದು ಕಾಯಿ ಕೊಟ್ಟರೆ ನನ್ನ ಕೊಕ್ಕಿನ ಗುರುತಿರೋ ಒಂದು ಮುತ್ತುಗದೆಲೆ ಕೊಡ್ತೀನಿ. ಹತ್ತು ಕಾಯಿ ಒಡೆದರೆ ಅದರಲ್ಲಿ ಒಂದು ಕಾಯಿ ಯಂತ್ರದ ಕೂಲಿ. ಎಲೆ ಇದ್ದವರಿಗೆಲ್ಲ ಅದರಲ್ಲಿ ಪಾಲು!" ಎಂದ.

ಎಲ್ಲರೂ ಕೊಂಡರು. ಮಿಣುಕಿ ಮೂವತ್ತು ಕಾಯಿಯನ್ನೂ ಸುರಿದು ಬಂದಳು.

ಮಾರನೆಯ ದಿನ ಗೊರವಂಕ ಹಕ್ಕಿ ಒಂದು ಮರದ ತುದಿಯಿಂದ ಕೂಗಿತು: "ಎಲೆಗೆ ಎರಡು ಕಾಯಿ!" ಅದರ ಮಾರನೆಯ ದಿನ, "ಐದು ಕಾಯಿ!" ಇಡೀ ಕಾಡು ಆ ಮರದ ಕೆಳಗೆ ಠಿಕಾಣಿ ಹೂಡಿತು. ಯಂತ್ರ ಸಿದ್ಧವಾದರೂ ಅದನ್ನು ನೋಡಲು ಮಾತ್ರ ಯಾರೂ ಹೋಗಲಿಲ್ಲ.

ಪಕ್ಕದ ಬಿಲದ ಹೆಗ್ಗಣ ಬೋರಣ್ಣ ಕರೆದ: "ಮಿಣುಕಮ್ಮ, ಕಾಯಿ ಉದುರ್ತಾ ಇವೆ. ಆಯೋಕೆ ಬರ್ತೀಯಾ?"

"ಅಯ್ಯೋ ಬೋರಣ್ಣ, ನಾನ್ಯಾಕೆ ಆಯಲಿ? ನನ್ನ ಎಲೆಗಳೇ ದುಡೀತಿವೆ!"

ಮೋಡ ಕವಿಯಿತು. "ಅಮ್ಮಾ, ಹಸಿವು," ಎಂದು ಮರಿಗಳು ಅತ್ತವು. ಮಿಣುಕಿ ಎಲೆಗಳನ್ನು ಎತ್ತಿಕೊಂಡು ಮಾರಲು ಓಡಿದಳು.

"ಬೆಲೆ ಐದೇ ಇದೆ," ಎಂದಿತು ಗೊರವಂಕ. "ಆದರೆ ಕೊಡೋಕೆ ಯಾರ ಹತ್ತಿರವೂ ಕಾಯಿಯೇ ಇಲ್ಲ."

ಮಿಣುಕಿ ಕುಟ್ಟಪ್ಪನ ಬಳಿಗೆ ಓಡಿದಳು. "ಅಣ್ಣಾ, ಯಂತ್ರ ಕೆಟ್ಟಿದೆಯಾ?"

"ಇಲ್ಲಮ್ಮ, ನೂರು ಕಾಯಿ ತಂದರೆ ಮಧ್ಯಾಹ್ನದೊಳಗೆ ಒಡೆಯುತ್ತೆ. ತರೋರು ಯಾರು? ಎಲ್ಲರೂ ಅಲ್ಲೇ ಕತ್ತೆತ್ತಿಕೊಂಡು ಕೂತಿದ್ದೀರಲ್ಲ! ನೀವು ಕೊಟ್ಟ ಕಾಯಿ, ಯಂತ್ರ ಕಟ್ಟೋಕೆ ಕಲ್ಲು ಹೊತ್ತ ಕಾಡುಹಂದಿಗಳ ಊಟಕ್ಕಾಯ್ತು," ಎಂದ ಕುಟ್ಟಪ್ಪ ಬೇಸರದಿಂದ.

ನಾಚಿಕೆಯಿಂದ ಅವಳ ಬಾಲ ನೆಲಕ್ಕೆ ಬಿತ್ತು. ತಿರುಗಿದರೆ ಬೋರಣ್ಣ ನಿಂತಿದ್ದ. ಅವನು ಒಂದು ಮಾತೂ ಆಡಿಕೊಳ್ಳಲಿಲ್ಲ. "ಮಳೆ ಜೋರಾಗೋಕೆ ಮುಂಚೆ ಬಾ ತಾಯಿ," ಎಂದನಷ್ಟೆ.

ತುಂತುರಿನಲ್ಲೇ ಇಬ್ಬರೂ ಬುಟ್ಟಿಗಟ್ಟಲೆ ಕಾಯಿ ಆಯ್ದರು. ಯಂತ್ರ ಪಟಪಟನೆ ಒಡೆದುಕೊಟ್ಟಿತು. ಮರಿಗಳ ಹೊಟ್ಟೆ ತುಂಬಿತು. ಎಲೆಗಳಿಗೂ ಮೊದಲ ಸಲ ಪಾಲು ಬಂತು.

ಮರುದಿನ ಗೊರವಂಕ ಕೂಗಿತು: "ಮಿಣುಕಿ, ಎಲೆಗೆ ಆರು ಕಾಯಿ! ಕೇಳಿಸಿತಾ?"

ಕೇಳಿಸಿತ್ತು. ಆದರೆ ಬಾಯಲ್ಲಿ ದೊಡ್ಡ ಕಾಯಿಯೊಂದಿತ್ತು. ಮಿಣುಕಿ ನಿಲ್ಲದೆ ಯಂತ್ರದ ಕಡೆಗೆ ಓಡಿದಳು.

ನೀತಿ: ಯಂತ್ರ ಎಷ್ಟೇ ಚುರುಕಾಗಿರಲಿ, ಬೆಲೆಯ ಕೂಗು ಕೇಳುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ, ದುಡಿಮೆ ನಿಲ್ಲದಿದ್ದರಷ್ಟೇ ಪಾಲಿಗೆ ಬೆಲೆ.