ಸಣ್ಣವ್ವ ಹಚ್ಚಿದ ತಣ್ಣನೆ ದೀಪ

ಲೋಕ ಇನ್ನೂ ಹೊಸದಾಗಿತ್ತು. ಕಲ್ಲುಗಳು ಮೆತ್ತಗಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಆಗ ಹುಲ್ಲಿನ ಬುಡದಲ್ಲಿ ಸಣ್ಣವ್ವ ಎಂಬ ಹುಳು ತನ್ನ ಗಂಡ ದುಂಡಪ್ಪನ ಜೊತೆ ಸಂಸಾರ ಮಾಡಿಕೊಂಡಿದ್ದಳು. ಇಬ್ಬರಿಗೂ ರೆಕ್ಕೆ ಇದ್ದವು. ಇಬ್ಬರಿಗೂ ಬೆಳಕು ಇರಲಿಲ್ಲ.

ದುಂಡಪ್ಪ ಒಳ್ಳೆಯವನೇ, ಆದರೆ ದಾರಿಯ ವಿಷಯದಲ್ಲಿ ಶುದ್ಧ ದಡ್ಡ. ಒಂದು ದಿನ ಹಾರಿ ಹೋದವನು ಸಂಜೆಯಾದರೂ ಬರಲಿಲ್ಲ. ಆಗಲೇ ಮೋಡ ಕಟ್ಟಿತ್ತು. ಮಳೆಗೆ ಸಿಕ್ಕಿದರೆ ಅವನ ಕಥೆ ಮುಗಿದಂತೆಯೇ.

ಮುಳುಗುತ್ತಿದ್ದ ಸೂರ್ಯನ ಬಳಿಗೆ ಸಣ್ಣವ್ವ ಹಾರಿದಳು. "ಯಪ್ಪಾ, ಒಂದು ಕೆಂಡ ಕೊಡು. ಕತ್ತಲಾಗ ನಮ್ಮನಿಯವರಿಗೆ ಮನಿ ಕಾಣೂದಿಲ್ಲ."

"ದೀಪ ಹಚ್ಚೋ ಹೊತ್ತಿನಾಗ ಮನಿ ಬೆಂಕಿ ಯಾರಾರ ಹೊರಗ ಕೊಡ್ತಾರೇನವ್ವಾ? ಮುಂಜಾನೆ ಬಾ," ಎಂದು ಸೂರ್ಯ ಗುಡ್ಡದ ಹಿಂದೆ ಇಳಿದುಬಿಟ್ಟ. ದೊಡ್ಡವರ ಪದ್ಧತಿಗಳೇ ಹಾಗೆ, ಸಣ್ಣವರ ಅವಸರ ನೋಡುವುದಿಲ್ಲ.

ಅಳುತ್ತಾ ಬರುತ್ತಿದ್ದವಳನ್ನು ಒಂದು ಕೊಳೆತ ಮರದ ದಿಮ್ಮಿ ಕರೆಯಿತು. ಅದರ ಮೈತುಂಬ ಹಸಿರಾಗಿ ಹೊಳೆಯುವ ಅಣಬೆಗಳಿದ್ದವು. "ನನ್ನ ಹತ್ರ ಬೆಂಕಿ ಇಲ್ಲ ತಂಗಿ, ಬರೀ ಬೆಳಕೈತಿ. ತಣ್ಣಗೈತಿ, ಸುಡೂದಿಲ್ಲ. ಒಂದು ಚೂರು ಒಯ್ಯಿ."

ಸಣ್ಣವ್ವ ಅದನ್ನು ಬಾಲದ ತುದಿಗೆ ಅಂಟಿಸಿಕೊಂಡು ಹುಲ್ಲು ಹತ್ತಿ ಕೂತಳು. ಆದರೆ ರೆಕ್ಕೆ ಮುಚ್ಚಿದರೆ ಬೆಳಕು ಕಾಣದು. ರೆಕ್ಕೆ ಎತ್ತಿದರೆ ಗಾಳಿ ಅವಳನ್ನೇ ಹಾರಿಸಿಕೊಂಡು ಹೋಗುತ್ತದೆ. ಎತ್ತಿದಳು, ಹಾರಿಸಿತು. ಮರಳಿ ಬಂದು ಎತ್ತಿದಳು, ಮತ್ತೆ ಹಾರಿಸಿತು.

"ಒಂಚೂರು ಸುಮ್ನಿರೋ ಗಾಳಿಯಪ್ಪಾ!"

"ರೆಕ್ಕಿ ಎತ್ತಿದವರನ್ನ ಹಾರಸೂದು ನನ್ನ ಕೆಲಸವ್ವಾ. ನಾ ಏನ್ ಮಾಡ್ಲಿ?"

ಟಪ್ಪೆಂದು ಮೊದಲ ಹನಿ ಬಿತ್ತು. ಸಣ್ಣವ್ವ ಹಿಂದೆ ಮುಂದೆ ನೋಡಲಿಲ್ಲ. ರೆಕ್ಕೆಗಳನ್ನು ಕಳಚಿ ಗಾಳಿಯ ಕೈಗೆ ಕೊಟ್ಟಳು. "ಇವನ್ನ ಒಯ್ಯಿ. ನಾ ಇಲ್ಲೇ ಇರ್ತೀನಿ."

ದೂರದಲ್ಲಿ ತಡಕಾಡುತ್ತಿದ್ದ ದುಂಡಪ್ಪನಿಗೆ ಅಲುಗದೆ ನಿಂತ ಹಸಿರು ಚುಕ್ಕೆ ಕಾಣಿಸಿತು. ನೇರವಾಗಿ ಹಾರಿ ಬಂದು ಪಕ್ಕದಲ್ಲಿ ಇಳಿದ.

"ಸಣ್ಣವ್ವಾ, ನಿನ್ನ ರೆಕ್ಕಿ ಎಲ್ಲಿ?"

"ಇರ್ಲಿ ಬಿಡ್ರಿ. ನೀವು ಬಂದ್ರಲ್ಲ."

ದುಂಡಪ್ಪ ಗಳಗಳನೆ ಅತ್ತುಬಿಟ್ಟ. ಅವಳಿಗೂ ಬೇಸರವಾಗಲಿಲ್ಲ ಎಂದಲ್ಲ. ಆಕಾಶ ನೋಡಿದಾಗ ಕರುಳು ಚುರ್ ಎನ್ನುತ್ತಿತ್ತು. ಆದರೂ ದಿನಾ ಸಂಜೆ ಹುಲ್ಲು ಹತ್ತಿ ದೀಪ ಹಚ್ಚುವುದನ್ನು ಬಿಡಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಹಾರದೆ ಹುಲ್ಲಿನಲ್ಲೇ ಕೂತು ಹೊಳೆಯುವ ಹುಳು ಕಂಡರೆ ಅಂಗೈ ಮೇಲೆ ಇಟ್ಟುಕೋ, ಅದು ಸುಡುವುದಿಲ್ಲ. ಆದರೆ ಇದ್ದಲ್ಲೇ ಬೇಗ ಇಳಿಸಿಬಿಡು, ದಾರಿ ತಪ್ಪಿದವನೊಬ್ಬ ಅದನ್ನೇ ನೋಡಿಕೊಂಡು ಹಾರಿ ಬರುತ್ತಿರುತ್ತಾನೆ.