ಕಾಣೆಯಾದ ಐದು ವಾರ

"ಗುರುಗಳೇ, ಹಳೆಯದರ ಮೇಲೆ ಹೊಸದನ್ನು ಇಟ್ಟರೆ ಹಳೆಯದರಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ?" ಎಂದು ತಿಪ್ಪೇಶ ಕೇಳಿದ.

ಭಕ್ತರು ತಮ್ಮ ಪ್ರಶ್ನೆಗಳನ್ನು ಬರೆಯುತ್ತಿದ್ದ ಆಶ್ರಮದ ಜಾಲತಾಣಕ್ಕೆ ಹೊಸ ರೂಪ ಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ತಾಣದ ಒಂದು ನಕಲನ್ನು ಜನರಿಗೆ ಕಾಣದ ಹಾಗೆ ಇಟ್ಟುಕೊಂಡು ಎರಡು ತಿಂಗಳು ಅದರಲ್ಲಿ ದುಡಿದಿದ್ದ. ಮರುದಿನ ಅದನ್ನು ಎಲ್ಲರಿಗೂ ಕಾಣುವ ಜಾಗಕ್ಕೆ ಏರಿಸಬೇಕಿತ್ತು. ಬಲ್ಲವರೊಬ್ಬರು ಇಡೀ ನಕಲನ್ನೇ ಏರಿಸಿಬಿಡು ಎಂದಿದ್ದರು. ಇನ್ನೊಬ್ಬ ಬಲ್ಲವರು ಹಾಗೆ ಮಾಡಿದರೆ ಕೆಟ್ಟೆ ಎಂದಿದ್ದರು. ಯಾರ ಮಾತು ಹಿಡಿಯಬೇಕೆಂದು ತಿಳಿಯದೆ ಅವನ ತಲೆ ಕೆಟ್ಟುಹೋಗಿತ್ತು.

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಬ್ಬಳು ವಿನ್ಯಾಸಗಾರ್ತಿ ಇದ್ದಳು. ಜಾಲತಾಣಗಳಿಗೆ ರೂಪ ಕೊಡುವುದು ಅವಳ ಕಸುಬು. ಕಾಣೆಯಾದವರನ್ನು ಹುಡುಕಿಕೊಡುವ ಒಂದು ಸಂಘ ಅವಳನ್ನು ಕರೆಸಿತು. ಸಂಘದ ತಾಣದಲ್ಲಿ ಮನೆಯವರು ಕಾಣೆಯಾದವರ ಫೋಟೋ ಹಾಕಿ ವಿವರ ಬರೆಯುತ್ತಿದ್ದರು. ಅಂಥವರನ್ನು ಎಲ್ಲಾದರೂ ಕಂಡವರು ಫೋಟೋದ ಕೆಳಗೆ ಬರೆಯುತ್ತಿದ್ದರು. ಆದರೆ ತಾಣ ತೀರಾ ಹಳೆಯದು. ಫೋನಿನಲ್ಲಿ ತೆರೆದರೆ ಮುಖಗಳು ಉಗುರಿನಷ್ಟೇ ಕಾಣುತ್ತಿದ್ದವು.

"ಮುಖ ಗುರುತು ಸಿಗುವ ಹಾಗೆ ಮಾಡಿಕೊಡಮ್ಮ. ಅಷ್ಟು ಸಾಕು" ಎಂದರು ಸಂಘದವರು.

ಅವಳು ಇಡೀ ತಾಣದ ನಕಲು ತೆಗೆದು ತನ್ನ ಬಳಿ ಇಟ್ಟುಕೊಂಡಳು. ಐದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಮುಖಗಳು ದೊಡ್ಡದಾದವು, ಅಕ್ಷರಗಳು ತಿಳಿಯಾದವು. ಒಂದು ಸೋಮವಾರ ನಕಲನ್ನು ಹಾಗೆಯೇ ಎತ್ತಿ ಹಳೆಯ ತಾಣದ ಜಾಗದಲ್ಲಿ ಇಟ್ಟಳು. ಸಂಘದವರು ನೋಡಿ ಹಿಗ್ಗಿದರು. ಅವಳಿಗೂ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿ.

ಗುರುವಾರ ಅವಳು ಸಂಘದ ಕಚೇರಿಯಲ್ಲಿದ್ದಾಗ ಒಬ್ಬ ಕಮ್ಮಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದ. ಅವನ ಅಣ್ಣನಿಗೆ ಬುದ್ಧಿ ಸ್ಥಿಮಿತವಿರಲಿಲ್ಲ. ಮೂರು ತಿಂಗಳ ಹಿಂದೆ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ.

"ಅಣ್ಣ ಸಿಕ್ಕಿದ್ದ ಅಕ್ಕಾರ" ಎಂದ ಕಮ್ಮಾರ. "ಅವನ ಫೋಟೋದ ಕೆಳಗೆ ಯಾರೋ ಬರೆದಿದ್ರು. ಭಾನುವಾರ ಸಂಜೆ ನನ್ನ ಮಗಳು ಓದಿ ಹೇಳಿದ್ಲು. ಖುಷಿಯೊಳಗೆ ನಂಬರ್ ಬರ್ಕೊಳ್ಳೋದು ಮರೆತ್ವಿ. ಮರುದಿನ ನೋಡಿದ್ರ ಅಣ್ಣನ ಫೋಟೋ ಐತಿ, ಆ ಮಾತು ಇಲ್ಲ."

ವಿನ್ಯಾಸಗಾರ್ತಿ ತಾಣ ತೆರೆದಳು. ಅಣ್ಣನ ಮುಖ ದೊಡ್ಡದಾಗಿ, ಸ್ಪಷ್ಟವಾಗಿ ಕಂಡಿತು. ಕೆಳಗೆ ಏನೂ ಇರಲಿಲ್ಲ. ತನ್ನ ಬಳಿಯ ನಕಲನ್ನು ತೆರೆದಳು. ಅಲ್ಲಿಯೂ ಇಲ್ಲ.

"ನಾನು ಒಂದಕ್ಷರವನ್ನೂ ಅಳಿಸಿಲ್ಲ. ನೀವು ಬೇರೆ ಎಲ್ಲೋ ಓದಿರಬೇಕು" ಎಂದಳು.

"ಇಲ್ಲೇ ಓದಿದ್ದು ಅಕ್ಕಾ" ಎಂದಳು ಹುಡುಗಿ. "ಚಹಾದ ಅಂಗಡಿಯೊಳಗ ಲೋಟ ತೊಳೀತಾರ ಅಂತಿತ್ತು. ಊರ ಹೆಸರು ಹಿರೇ ಅಂತ ಶುರುವಾಗ್ತಿತ್ತು. ಮುಂದಿಂದು ನೆನಪಿಲ್ಲ."

ವಿನ್ಯಾಸಗಾರ್ತಿಗೆ ಏನೂ ಅರ್ಥವಾಗಲಿಲ್ಲ. ಹುಡುಗಿ ಸುಳ್ಳು ಹೇಳುವವಳ ಹಾಗೆ ಕಾಣಲಿಲ್ಲ. ತಾನು ಅಳಿಸದೆ ಇದ್ದದ್ದೂ ನಿಜ. ಎರಡೂ ನಿಜವಾಗುವುದು ಹೇಗೆ? ಇಬ್ಬರನ್ನೂ ಕೂರಿಸಿ ತಾಣದ ಬರಹಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು. ಒಂದು ಮಾತನ್ನೂ ತಾನು ಮುಟ್ಟಿರಲಿಲ್ಲ, ಎಲ್ಲವೂ ಇದ್ದ ಹಾಗೇ ಇದ್ದವು. ಮತ್ತೆ ಮೊದಲಿನಿಂದ ನೋಡಿದಳು. ಆಗ ತಾರೀಖು ಕಣ್ಣಿಗೆ ಬಿತ್ತು. ಸೋಮವಾರದಿಂದ ಈಚೆಗೆ ಬಂದ ಒಂದೆರಡನ್ನು ಬಿಟ್ಟರೆ ಕಟ್ಟಕಡೆಯ ಬರಹ ಐದು ವಾರದ ಹಿಂದಿನದು. ನಡುವೆ ಒಂದೂ ಇಲ್ಲ.

ಐದು ವಾರದಲ್ಲಿ ಇಡೀ ನಾಡಿನಲ್ಲಿ ಒಬ್ಬರೂ ಕಾಣೆಯಾಗಲಿಲ್ಲವೇ ಎಂದು ಯೋಚಿಸಿದಳು. ಯೋಚಿಸಿದ ಕೂಡಲೇ ಅವಳಿಗೆ ತಿಳಿಯಿತು. ಅವಳು ನಕಲಿನಲ್ಲಿ ಕೆಲಸ ಮಾಡುತ್ತಿದ್ದಷ್ಟು ದಿನವೂ ಜನ ಹಳೆಯ ತಾಣದಲ್ಲಿ ಬರೆಯುತ್ತಲೇ ಇದ್ದರು. ಅವಳ ನಕಲಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ನಕಲನ್ನು ತಂದು ಗೊತ್ತಿದ್ದ ಹಳೆಯ ತಾಣದ ಮೇಲೆ ಇಟ್ಟಿದ್ದಳು, ಅಲ್ಲಿದ್ದ ಐದು ವಾರದ ಬರಹ ಅಳಿಸಿಹೋಗಿತ್ತು. ತಾಣವನ್ನು ಇಟ್ಟಿದ್ದ ಸರ್ವರ್ ನಡೆಸುವವರಿಗೆ ಫೋನ್ ಮಾಡಿದಳು. ಅವರು ಬ್ಯಾಕಪ್ ಎಂದು ಹಿಂದಿನ ಒಂದು ದಿನದ ಪ್ರತಿಯನ್ನು ಮಾತ್ರ ಕಾದಿಡುತ್ತಿದ್ದರು. ಅದರಲ್ಲಿಯೂ ಈಗ ಹೊಸದೇ ಇತ್ತು.

ಅವಳು ಕಮ್ಮಾರನ ಮುಂದೆ ಕೈಮುಗಿದು, "ತಪ್ಪು ನನ್ನದು. ನಿಮ್ಮ ಜೊತೆ ನಾನೂ ಹುಡುಕಲು ಬರುತ್ತೇನೆ" ಎಂದಳು. ತಾಣದ ನೆತ್ತಿಯ ಮೇಲೆ, ಈ ಐದು ವಾರದಲ್ಲಿ ಬರೆದವರೆಲ್ಲ ದಯವಿಟ್ಟು ಮತ್ತೆ ಬರೆಯಿರಿ ಎಂದು ಹಾಕಿ ಅವರ ಜೊತೆ ಹೊರಟಳು.

ಹಿರೇ ಎಂದು ಶುರುವಾಗುವ ಊರುಗಳು ಎಷ್ಟಿವೆ ಎಂದು ಅವಳಿಗೆ ಆಗಲೇ ತಿಳಿದದ್ದು. ಬಸ್ಸಿಳಿದು ಚಹಾದ ಅಂಗಡಿಗಳಲ್ಲಿ ಫೋಟೋ ತೋರಿಸುವುದು, ಇಲ್ಲವೆನಿಸಿಕೊಂಡು ಮುಂದಿನ ಬಸ್ಸು ಹತ್ತುವುದು. ಹೀಗೆ ಒಂದು ವಾರ ಕಳೆಯಿತು. ಏಳನೆಯ ಊರಿನಲ್ಲಿ ಒಬ್ಬ ಅಂಗಡಿಯವನು ಫೋಟೋ ನೋಡಿ, ಕಮ್ಮಾರನನ್ನು ನೋಡಿದ.

"ನಾನೇ ಬರೆದದ್ದು. ನಂಬರನ್ನೂ ಹಾಕಿದ್ದೆ. ಎಂಟು ದಿನ ಕಾದೆ, ಒಂದು ಫೋನೂ ಬರಲಿಲ್ಲ. ಮನೆಯವರಿಗೇ ಬೇಡವಾದ ಅಂದುಕೊಂಡು ನಿರಾಶ್ರಿತರ ಕೇಂದ್ರಕ್ಕೆ ಬಿಟ್ಟುಬಂದೆ" ಎಂದ.

ಕಮ್ಮಾರ ಕೇಂದ್ರದ ದಾರಿ ಕೇಳಿದ. ವಿನ್ಯಾಸಗಾರ್ತಿ ತಲೆ ತಗ್ಗಿಸಿದಳು.

ಕೇಂದ್ರದಲ್ಲಿ ತಲೆ ಬೋಳಿಸಿದ ಮೂವತ್ತು ನಲವತ್ತು ಜನ ಸಾಲಾಗಿ ಊಟಕ್ಕೆ ಕೂತಿದ್ದರು. ಕಮ್ಮಾರ ಎರಡು ಸಲ ಆ ಸಾಲಿನ ಮುಂದೆ ನಡೆದ. ಅಣ್ಣನ ಗುರುತು ಹತ್ತಲಿಲ್ಲ. ಅಣ್ಣನೇ ಎಂಜಲ ಕೈಯಲ್ಲಿ ಅವನ ಪಂಚೆ ಹಿಡಿದು ಎಳೆದು, "ಉಂಡೆಯಾ?" ಎಂದು ಕೇಳಿದ.

ಅಣ್ಣತಮ್ಮಂದಿರು ಮನೆಗೆ ಹೋದರು. ವಿನ್ಯಾಸಗಾರ್ತಿ ಕಚೇರಿಗೆ ಬಂದು ತಾಣ ತೆರೆದಳು. ಮೂವತ್ತೊಂದು ಜನ ಮತ್ತೆ ಬರೆದಿದ್ದರು. ಕೆಲವರು ಬೈದೂ ಬರೆದಿದ್ದರು. ಮತ್ತೆ ಬರೆಯದೆ ಉಳಿದವರು ಎಷ್ಟು ಮಂದಿ, ಅವರು ಯಾರು, ಯಾರನ್ನು ಹುಡುಕುತ್ತಿದ್ದರು ಎಂದು ತಿಳಿಯಲು ಅವಳಿಗೆ ಯಾವ ದಾರಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಅವಳು ಎಲ್ಲಿ ಕೆಲಸಕ್ಕೆ ಹೋದರೂ ರೂಪವನ್ನು ಮಾತ್ರ ಒಯ್ದು ಹಾಕುತ್ತಿದ್ದಳು, ಜನರ ಮಾತು ಇದ್ದಲ್ಲೇ ಇರುತ್ತಿತ್ತು. ಆದರೂ ಪ್ರತಿ ಸಲ ಏರಿಸುವ ಮುನ್ನ ಕಟ್ಟಕಡೆಯ ಬರಹದ ತಾರೀಖು ನೋಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನ ಗೊಂದಲ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಹಾಗಾದರೆ ಗುರುಗಳೇ, ನಾಳೆ ಮೊದಲು ಹಳೆಯದರ ಬ್ಯಾಕಪ್ ತೆಗೆಯಬೇಕೇ, ಅಥವಾ ರೂಪವನ್ನಷ್ಟೇ ಏರಿಸಿದರೆ ಸಾಕೇ? ಯಾವುದು ಮೊದಲು?"

ಗುರುಗಳು ಕೇಳಿದರು: "ನಮ್ಮ ತಾಣದಲ್ಲಿ ನಿನ್ನೆ ಬರೆದವರು ಯಾರು?"

ತಿಪ್ಪೇಶ ಎದ್ದು ಹೋಗಿ, ತನ್ನ ನಕಲನ್ನು ಬಿಟ್ಟು ಎಲ್ಲರಿಗೂ ಕಾಣುವ ಹಳೆಯ ತಾಣವನ್ನು ತೆರೆದು ನಿನ್ನೆಯ ಬರಹಗಳನ್ನು ಓದತೊಡಗಿದ.