ಓತಿಕೇತದ ಸ್ಥಾನ

ಹೊಳೆ ಉಕ್ಕಿ ನಡುಗಡ್ಡೆ ಮುಳುಗತೊಡಗಿತು. “ಮೊದಲು ಬಂದ ಮೂವರನ್ನು ದಾಟಿಸುತ್ತೇನೆ, ಬೇಗ ಬನ್ನಿ” ಎಂದು ಆಮೆ ಕರೆಯಿತು. ಅಳಿಲೂ ಹೆಗ್ಗಣವೂ ಒಟ್ಟಿಗೇ ಓಡಿಬಂದವು. ಅವುಗಳ ಹಿಂದೆ ಸುಂಡಿಲಿ ಬಂತು, ಕೊನೆಗೆ ಓತಿಕೇತ. ಮರದ ಮೇಲಿದ್ದ ಕಾಗೆ ತೀರ್ಪು ಕೊಟ್ಟಿತು: “ಸಮನಾಗಿ ಬಂದ ಇಬ್ಬರಿಗೂ ಮೊದಲ ಸ್ಥಾನ. ಸುಂಡಿಲಿಗೆ ಎರಡನೆಯದು, ಓತಿಕೇತಕ್ಕೆ ಮೂರನೆಯದು. ಎಲ್ಲರೂ ಹತ್ತಿ.”

ನಾಲ್ವರೂ ಹತ್ತಿದರು. ಆಮೆಯ ಬೆನ್ನು ನೀರಿಗಿಳಿಯಿತು.

“ಒಬ್ಬರು ಇಳಿಯಲೇಬೇಕು” ಎಂದಿತು ಆಮೆ.

“ಮೊದಲ ಸ್ಥಾನದವರು ಇಳಿಯುವುದುಂಟೆ?” ಎಂದಿತು ಹೆಗ್ಗಣ.

“ನಾನು ಎರಡನೆಯವನು, ನಾನೇಕೆ ಇಳಿಯಲಿ?” ಎಂದಿತು ಸುಂಡಿಲಿ.

ವಾದ ಮುಗಿಯಲಿಲ್ಲ, ನೀರು ಏರುತ್ತಲೇ ಇತ್ತು. ಓತಿಕೇತಕ್ಕೆ ತಡೆಯಲಾಗಲಿಲ್ಲ. “ಆಮೆಯಣ್ಣ, ನನಗಿಂತ ಮೊದಲು ಬಂದವರು ಎಷ್ಟು ಮಂದಿ?”

“ಮೂವರು.”

“ಹಾಗಿದ್ದರೆ ನಾನು ನಾಲ್ಕನೆಯವನು” ಎಂದು ಅದು ಇಳಿದು ಮರ ಹತ್ತಿತು.

ಕಾಗೆ ಸಿಡುಕಿತು: “ನಾನು ಕೊಟ್ಟ ಸ್ಥಾನ ಬಿಟ್ಟುಬಂದೆಯಲ್ಲ?”

“ಕೊಟ್ಟವನು ನೀನು. ಹೊರಬೇಕಾದವನು ಆಮೆ” ಎಂದಿತು ಓತಿಕೇತ.

ಆಮೆ ಮೂವರನ್ನು ಆಚೆ ದಡಕ್ಕೆ ಇಳಿಸಿತು. ದಣಿವನ್ನೂ ಆರಿಸಿಕೊಳ್ಳದೆ, ಓತಿಕೇತ ಒಂದಕ್ಕಾಗಿಯೇ ಮತ್ತೆ ಹೊಳೆಗೆ ಇಳಿಯಿತು.